ಇಲಿಯ ಬಾಲದಲ್ಲಿ ಏನಿದೆ?

ಅಟ್ಟ ಗುಡಿಸುವಾಗ ಏನೇನೋ ಸಿಗುತ್ತವೆ. ಕಾಲು ಮುರಿದ ತೊಟ್ಟಿಲು, ಸದ್ದಡಗಿದ ರೇಡಿಯೋ, ತೂತು ಬಿದ್ದ ಹಂಡೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ: ಹಳೆಯ ಕಂಪ್ಯೂಟರ್.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. 1995ರ ಸುಮಾರಿಗೆ ಕೊಂಡ ಕಂಪ್ಯೂಟರ್. ಬಿಳಿ ಬಣ್ಣ ಹಳದಿಗೆ ತಿರುಗಿದೆ. ಮನೆ ಕಟ್ಟಿಸಿದ ಲೆಕ್ಕ, ಊರಿನಲ್ಲಿದ್ದ ಅಜ್ಜನಿಗೆ ಬರೆದ ಪತ್ರಗಳು ಎಲ್ಲವನ್ನೂ ಅಪ್ಪ ಅದರಲ್ಲೇ ಟೈಪು ಮಾಡಿ ಇಟ್ಟಿದ್ದರು. ರಜೆಯಲ್ಲಿ ಮಗಳಿಗೆ ಅದನ್ನು ನೋಡುವ ಆಸೆಯಾಗುತ್ತದೆ. ಕೆಳಗಿಳಿಸಿ, ದೂಳು ಒರೆಸಿ, ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ ಸ್ವಿಚ್ ಹಾಕಿದರೆ ಪುಣ್ಯಕ್ಕೆ ಪರದೆ ಬೆಳಗುತ್ತದೆ. ವಿಂಡೋಸ್ 3.1 ಕಾಣುತ್ತದೆ. ಆದರೆ ಮೌಸ್ ಮಾತ್ರ ಇಲ್ಲ. ಅದರ ಬಾಲವನ್ನು ಅಟ್ಟದ ನಿಜವಾದ ಇಲಿಗಳು ಎಂದೋ ಕಡಿದು ಹಾಕಿವೆ.

ಮಗಳು ಅಂಗಡಿಯಿಂದ ಹೊಸ ಮೌಸ್ ತರುತ್ತಾಳೆ. ಅದರ ತುದಿಯಲ್ಲಿರುವುದು ಚಪ್ಪಟೆಯಾದ ಯುಎಸ್‌ಬಿ ಪ್ಲಗ್. ಕಂಪ್ಯೂಟರಿನ ಬೆನ್ನಿನಲ್ಲಿ ಇರುವುದೋ ಒಂಬತ್ತು ಕಡ್ಡಿಗಳ ಸಾಕೆಟ್. ಮನೆಯ ಡಬ್ಬದಲ್ಲಿ ಹುಡುಕಿದಾಗ ಹಸಿರು ಬಣ್ಣದ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ. ಅದು ಚಪ್ಪಟೆ ಪ್ಲಗ್ಗನ್ನು ದುಂಡಗೆ ಮಾಡುತ್ತದೆ. ಇನ್ನೊಂದು ಬೂದು ಬಣ್ಣದ್ದು ಸಿಗುತ್ತದೆ. ಅದು ದುಂಡನೆಯ ಪ್ಲಗ್ಗನ್ನು ಒಂಬತ್ತು ತೂತಿನದಾಗಿ ಮಾಡುತ್ತದೆ. ಒಂದಕ್ಕೊಂದು ಜೋಡಿಸಿ ಸಿಕ್ಕಿಸಿದರೆ ಎಲ್ಲವೂ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಆದರೆ ಪರದೆಯ ಮೇಲಿನ ಬಾಣ ಅಲುಗುವುದಿಲ್ಲ!

ಮೌಸ್ ಕೆಟ್ಟಿದೆಯೆ? ಇಲ್ಲ. ಕಂಪ್ಯೂಟರ್ ಕೆಟ್ಟಿದೆಯೆ? ಅದೂ ಇಲ್ಲ. ಹಾಗಾದರೆ ಆಗಿರುವುದೇನು? ಇದನ್ನು ತಿಳಿಯಬೇಕಾದರೆ ಇಲಿಯ ಬಾಲದ ಕಥೆಯನ್ನು ಮೊದಲಿನಿಂದ ನೋಡಬೇಕು.

ಮರದ ಇಲಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಾಸ್ ಎಂಗೆಲ್ಬಾರ್ಟ್ ಎಂಬ ಎಂಜಿನಿಯರ್ ಇದ್ದರು. ಪರದೆಯ ಮೇಲೆ ಒಂದು ಜಾಗವನ್ನು ಬೇಗನೆ ತೋರಿಸುವುದು ಹೇಗೆ ಎಂಬುದು ಅವರ ಸಮಸ್ಯೆ. ಅವರ ಆಲೋಚನೆಯಂತೆ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಒಂದು ಸಾಧನ ತಯಾರಿಸಿದರು. ಮರದ ಪುಟ್ಟ ಪೆಟ್ಟಿಗೆ, ಅದರ ಕೆಳಗೆ ಒಂದಕ್ಕೊಂದು ಲಂಬವಾಗಿ ಕೂರಿಸಿದ ಎರಡು ಚಕ್ರಗಳು, ಮೇಲೆ ಒಂದು ಗುಂಡಿ. ಕೈಯ ಕಡೆಯಿಂದ ಹೊರಬಂದ ತಂತಿ ಥೇಟು ಬಾಲದಂತೆ ಕಾಣುತ್ತಿತ್ತು. ಅದಕ್ಕೆ ಮೌಸ್ ಎಂಬ ಹೆಸರು ಅಂಟಿಕೊಂಡಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು. 1970ರಲ್ಲಿ ಪೇಟೆಂಟ್ ದೊರೆಯಿತು.

ಆ ಮೊದಲ ಮೌಸಿನ ಚಕ್ರ ತಿರುಗಿದಾಗ ಒಳಗಿನ ವಿದ್ಯುತ್ತಿನ ಮಟ್ಟ ಏರಿಳಿಯುತ್ತಿತ್ತು. ರೇಡಿಯೋದ ಧ್ವನಿ ಹೆಚ್ಚು ಕಡಿಮೆ ಮಾಡುವ ತಿರುಪಿನದ್ದೇ ತತ್ತ್ವ. ಮುಂದೆ ಚಕ್ರದ ಬದಲು ಚೆಂಡು ಬಂತು. ವಿದ್ಯುತ್ತಿನ ಏರಿಳಿತದ ಬದಲು ಎಣಿಕೆ ಬಂತು. ಬಾಲದ ಕಥೆ ಶುರುವಾಗುವುದು ಈ ಎಣಿಕೆಯಿಂದಲೇ.

ಹೂವಿನ ಅಂಗಡಿ, ಸೈಕಲ್ ಅಂಗಡಿ

ಚೆಂಡಿನ ಮೌಸನ್ನು ಬಿಚ್ಚಿದವರಿಗೆ ಅದರ ಹೊಟ್ಟೆಯೊಳಗಿನ ಎರಡು ಪುಟ್ಟ ಚಕ್ರಗಳು ನೆನಪಿರಬಹುದು. ಚಕ್ರದ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸೀಳುಗಳು. ಒಂದು ಪಕ್ಕದಲ್ಲಿ ಬೆಳಕು ಬೀರುವ ಎಲ್‌ಇಡಿ, ಇನ್ನೊಂದು ಪಕ್ಕದಲ್ಲಿ ಬೆಳಕನ್ನು ಗುರುತಿಸುವ ಎರಡು ಕಣ್ಣುಗಳು. ಚಕ್ರ ತಿರುಗಿದಂತೆ ಬೆಳಕು ಬಿದ್ದು, ಮರೆಯಾಗಿ, ಮತ್ತೆ ಬೀಳುತ್ತದೆ. ಎಷ್ಟು ಸಲ ಬಿತ್ತೆಂದು ಎಣಿಸಿದರೆ ಮೌಸ್ ಎಷ್ಟು ದೂರ ಸರಿಯಿತೆಂದು ತಿಳಿಯುತ್ತದೆ.

ಎಣಿಸಲು ಒಂದು ಕಣ್ಣು ಸಾಲದೆ? ಎರಡು ಏಕೆ? ಒಂದೇ ಕಣ್ಣಿದ್ದರೆ ದೂರ ತಿಳಿಯುತ್ತದೆ, ದಿಕ್ಕು ತಿಳಿಯುವುದಿಲ್ಲ.

ಇದಕ್ಕೊಂದು ಉದಾಹರಣೆ. ಊರಿನ ಬೀದಿಯಲ್ಲಿ ಪೂರ್ವಕ್ಕೆ ಹೂವಿನ ಅಂಗಡಿ, ಅದರ ಪಕ್ಕದಲ್ಲೇ ಪಶ್ಚಿಮಕ್ಕೆ ಸೈಕಲ್ ಅಂಗಡಿ. ಬೀದಿಯಲ್ಲಿ ಬಸ್ಸು ಹೋಗುತ್ತದೆ. ಮೊದಲು ಹೂವಿನ ಅಂಗಡಿಗೆ ಮಾತ್ರ ಕಾಣುತ್ತದೆ. ಬಸ್ಸು ಉದ್ದವಾಗಿರುವುದರಿಂದ ಸ್ವಲ್ಪ ಹೊತ್ತು ಎರಡೂ ಅಂಗಡಿಗಳಿಗೆ ಕಾಣುತ್ತದೆ. ಆಮೇಲೆ ಸೈಕಲ್ ಅಂಗಡಿಗೆ ಮಾತ್ರ, ಕೊನೆಗೆ ಇಬ್ಬರಿಗೂ ಇಲ್ಲ. ಕಂಡದ್ದಕ್ಕೆ 1, ಕಾಣದ್ದಕ್ಕೆ 0 ಎಂದು ಬರೆದರೆ 00, 10, 11, 01, ಮತ್ತೆ 00. ಬಸ್ಸು ಪಶ್ಚಿಮದಿಂದ ಪೂರ್ವಕ್ಕೆ ಬಂದರೆ ಕ್ರಮ ತಿರುಗುಮುರುಗಾಗಿ 00, 01, 11, 10 ಆಗುತ್ತದೆ. ಬಸ್ಸನ್ನು ಕಣ್ಣಾರೆ ನೋಡದವರೂ ಈ ಅಂಕಿಗಳನ್ನು ನೋಡಿ ಅದು ಯಾವ ಕಡೆ ಹೋಯಿತೆಂದು ಹೇಳಬಲ್ಲರು.

ಮೌಸಿನ ಎರಡು ಕಣ್ಣುಗಳ ಗುಟ್ಟು ಇಷ್ಟೇ. ಒಂದರ ಸಂಕೇತ ಇನ್ನೊಂದರ ಸಂಕೇತಕ್ಕಿಂತ ಕಾಲು ಆವರ್ತನೆ, ಅಂದರೆ 90 ಡಿಗ್ರಿ ಹಿಂದೆ ಇರುತ್ತದೆ. ಈ ವಿಧಾನಕ್ಕೆ ಕ್ವಾಡ್ರೇಚರ್ ಎಂದು ಹೆಸರು.

ಈಗ ತಂತಿಗಳನ್ನು ಎಣಿಸಿ. ಅಡ್ಡ ಚಲನೆಗೆ ಎರಡು, ಉದ್ದ ಚಲನೆಗೆ ಎರಡು, ವಿದ್ಯುತ್ತು ಹೋಗಿ ಬರಲು ಎರಡು, ಎರಡು ಗುಂಡಿಗಳಿಗೆ ಎರಡು. ಒಟ್ಟು ಎಂಟು. 1980ರ ದಶಕದ ಅನೇಕ ಮೌಸ್‌ಗಳು ಒಂಬತ್ತು ಕಡ್ಡಿಗಳ ಪ್ಲಗ್ಗನ್ನು ಆರಿಸಿಕೊಂಡದ್ದಕ್ಕೆ ಕಾರಣ ಇಲ್ಲೇ ಇದೆ.

ಎಣಿಸುವವರು ಯಾರು?

ಈ ಬಗೆಯ ಮೌಸಿಗೆ ಮಿದುಳು ಇಲ್ಲ. ಬೆಳಕು ಬಿತ್ತು, ಹೋಯಿತು ಎಂಬ ಸುದ್ದಿಯನ್ನು ತಂತಿಗೆ ಬಿಡುವುದಷ್ಟೇ ಅದರ ಕೆಲಸ. ಎಣಿಸುವ ಭಾರವೆಲ್ಲ ಕಂಪ್ಯೂಟರಿನದು. ಆ ಭಾರವನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಹೊತ್ತರು.

1984ರ ಜನವರಿಯಲ್ಲಿ ಬಂದ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್‌ನಲ್ಲಿ ಈ ಕೆಲಸ ಮುಖ್ಯ ಪ್ರೊಸೆಸರಿನ ತಲೆಗೇ ಬಿತ್ತು. ಸೀಳುಗಳು ಸರಿದಂತೆಲ್ಲ ಅದು ತನ್ನ ಕೆಲಸ ನಿಲ್ಲಿಸಿ, ಯಾವ ಕಡೆ ಸರಿಯಿತೆಂದು ನೋಡಿ, ಲೆಕ್ಕ ಬರೆದುಕೊಂಡು ಮತ್ತೆ ಕೆಲಸಕ್ಕೆ ಮರಳಬೇಕು. ಪಾಠದ ನಡುವೆ ಪದೇ ಪದೇ ಬಾಗಿಲು ತಟ್ಟಿದರೆ ಮೇಷ್ಟ್ರು ಪಡುವ ಪಾಡು ಅದರದು.

1985ರಲ್ಲಿ ಬಂದ ಕೊಮೊಡೋರ್ ಅಮಿಗಾ ಬೇರೆ ದಾರಿ ಹಿಡಿಯಿತು. ಅದರ ವಿಶೇಷ ಚಿಪ್ ಒಂದರೊಳಗೆ ಎಣಿಸುವ ಮಂಡಲಗಳೇ ಇದ್ದವು. ಪ್ರೊಸೆಸರು ಬಿಡುವಾದಾಗ ಬಂದು ಒಟ್ಟು ಎಷ್ಟಾಯಿತೆಂದು ಓದಿಕೊಂಡರೆ ಸಾಕು. ಅದೇ ವರ್ಷದ ಅಟಾರಿ ಎಸ್‌ಟಿ ಕಂಪ್ಯೂಟರು ಎಣಿಕೆಯನ್ನು ಕೀಲಿಮಣೆಯ ಪುಟ್ಟ ಪ್ರೊಸೆಸರಿಗೆ ಒಪ್ಪಿಸಿತು.

ಇಲ್ಲಿಯೇ ಒಂದು ಪಾಠ ಅಡಗಿದೆ. ಅಮಿಗಾ ಮತ್ತು ಅಟಾರಿ ಎರಡರ ಪ್ಲಗ್ಗೂ ಒಂದೇ ಆಕಾರದ್ದು. ಒಂದರದ್ದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ 1 ಮತ್ತು 4ನೆಯ ಕಡ್ಡಿಗಳ ತಂತಿಗಳು ಅದಲುಬದಲಾಗಿವೆ. ಹಾಗಾಗಿ ಒಂದರ ಮೌಸ್ ಇನ್ನೊಂದರಲ್ಲಿ ಸರಿಯಾಗಿ ನಡೆಯುವುದಿಲ್ಲ. ಆ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಐಬಿಎಂ ಪಿಸಿಯ ಕಥೆಯೇ ಬೇರೆ. 1981ರಲ್ಲಿ ಅದು ಬಂದಾಗ ಮೌಸಿಗೆಂದು ಅದರಲ್ಲಿ ಜಾಗವನ್ನೇ ಇಟ್ಟಿರಲಿಲ್ಲ. 1983ರಲ್ಲಿ ಮೈಕ್ರೋಸಾಫ್ಟ್ ತನ್ನ ಮೊದಲ ಮೌಸ್ ತಂದಾಗ ಅದರ ಜತೆ ಒಂದು ಕಾರ್ಡನ್ನೂ ಕೊಟ್ಟಿತು. ಕಂಪ್ಯೂಟರಿನ ಮುಚ್ಚಳ ತೆಗೆದು ಕಾರ್ಡನ್ನು ಒಳಗೆ ಕೂರಿಸಬೇಕು, ಮೌಸಿನ ಬಾಲವನ್ನು ಕಾರ್ಡಿಗೆ ಸಿಕ್ಕಿಸಬೇಕು. ಮಾಹಿತಿ ಓಡಾಡುವ ಒಳದಾರಿಗೆ ಕಂಪ್ಯೂಟರ್ ಭಾಷೆಯಲ್ಲಿ ಬಸ್ ಎನ್ನುತ್ತಾರೆ. ಆ ದಾರಿಗೇ ಕಾರ್ಡು ಸೇರಿದ್ದರಿಂದ ಇದು ‘ಬಸ್ ಮೌಸ್’ ಎನಿಸಿಕೊಂಡಿತು. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಒಂದು ಮೌಸಿಗಾಗಿ ಪೆಟ್ಟಿಗೆ ಬಿಚ್ಚುವ ತಾಪತ್ರಯ ಬೇಡವೆನ್ನುವವರೇ ಹೆಚ್ಚು.

ಅಕ್ಷರ ಕಲಿತ ಇಲಿ

ಪಿಸಿಗಳಲ್ಲಿ ಮೋಡೆಮ್ ಮುಂತಾದವನ್ನು ಜೋಡಿಸಲು ಸೀರಿಯಲ್ ಪೋರ್ಟ್ ಎಂಬ ಸಾಕೆಟ್ ಬಳಕೆಗೆ ಬಂದಿತ್ತು. ಮೊದಲು 25 ಕಡ್ಡಿಗಳದ್ದು, 1984ರ ಪಿಸಿ-ಎಟಿ ಮಾದರಿಯಿಂದ ಒಂಬತ್ತು ಕಡ್ಡಿಗಳದ್ದು. ಮೌಸನ್ನು ಅಲ್ಲಿಗೇ ಜೋಡಿಸಿದರೆ ಹೇಗೆ? ಕಾರ್ಡಿನ ಖರ್ಚಿಲ್ಲ, ಪೆಟ್ಟಿಗೆ ಬಿಚ್ಚಬೇಕಿಲ್ಲ. ಆದರೆ ಸೀರಿಯಲ್ ಪೋರ್ಟಿಗೆ ಬೆಳಕಿನ ಮಿಣುಕು ಅರ್ಥವಾಗುವುದಿಲ್ಲ. ಒಂದೊಂದೇ ಬಿಟ್‌ಗಳಾಗಿ ಸಾಲಾಗಿ ಬರುವ ಅಕ್ಷರಗಳು ಮಾತ್ರ ಅರ್ಥವಾಗುತ್ತವೆ.

ಹಾಗಾಗಿ ಮೌಸಿನ ಹೊಟ್ಟೆಯೊಳಗೇ ಒಂದು ಪುಟ್ಟ ಪ್ರೊಸೆಸರ್ ಸೇರಿತು. ಸೀಳುಗಳನ್ನು ಈಗ ಇಲಿಯೇ ಎಣಿಸಿಕೊಂಡು, ‘ಇಷ್ಟು ಬಲಕ್ಕೆ, ಇಷ್ಟು ಕೆಳಕ್ಕೆ, ಎಡಗುಂಡಿ ಒತ್ತಿದೆ’ ಎಂದು ವರದಿ ಕಳಿಸತೊಡಗಿತು. ಬಾಲದ ಚರಿತ್ರೆಯಲ್ಲಿ ಇದೇ ದೊಡ್ಡ ತಿರುವು.

ಮೈಕ್ರೋಸಾಫ್ಟ್ ರೂಪಿಸಿದ ಪದ್ಧತಿಯಲ್ಲಿ ಒಂದು ವರದಿಗೆ ಮೂರು ಅಕ್ಷರಗಳು, ಒಂದು ಅಕ್ಷರಕ್ಕೆ ಏಳು ಬಿಟ್‌ಗಳು. ಅಕ್ಷರದ ಆರಂಭಕ್ಕೆ ಒಂದು ಬಿಟ್, ಅಂತ್ಯಕ್ಕೆ ಒಂದು ಬಿಟ್ ಸೇರಿ ಒಂಬತ್ತು. ಮೂರು ಅಕ್ಷರಕ್ಕೆ 27. ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಎಷ್ಟು ವರದಿ ಕಳಿಸಬಹುದು? 1200ನ್ನು 27ರಿಂದ ಭಾಗಿಸಿದರೆ ಸುಮಾರು 44. ಹಳೆಯ ಕಂಪ್ಯೂಟರುಗಳಲ್ಲಿ ಬಾಣ ಸ್ವಲ್ಪ ಕುಪ್ಪಳಿಸುತ್ತಾ ಓಡಿದಂತೆ ಕಾಣುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಮೂರರಲ್ಲಿ ಮೊದಲ ಅಕ್ಷರ ಯಾವುದೆಂದು ತಿಳಿಯುವುದು ಹೇಗೆ? ಅದಕ್ಕೂ ಉಪಾಯವಿತ್ತು. ಮೊದಲ ಅಕ್ಷರದ ಮುಂಚೂಣಿಯ ಬಿಟ್ ಯಾವಾಗಲೂ 1, ಉಳಿದೆರಡರಲ್ಲಿ 0. ನಡುವೆ ಒಂದು ಅಕ್ಷರ ಕಳೆದುಹೋದರೂ ಮುಂದಿನ 1 ಕಂಡ ಕೂಡಲೇ ಲೆಕ್ಕ ಮತ್ತೆ ಹಳಿಗೆ ಬರುತ್ತಿತ್ತು.

ಊಟದ ಸಮಸ್ಯೆಯೂ ಇತ್ತು. ಸೀರಿಯಲ್ ಪೋರ್ಟಿನಲ್ಲಿ ವಿದ್ಯುತ್ತು ಪೂರೈಸುವ ಕಡ್ಡಿಯೇ ಇಲ್ಲ. ಪ್ರೊಸೆಸರೂ ಎಲ್‌ಇಡಿಯೂ ಬದುಕುವುದು ಹೇಗೆ? ‘ನಾನು ಸಿದ್ಧ’ ಎಂದು ಹೇಳಲು ಕಂಪ್ಯೂಟರ್ ಬಳಸುವ ಎರಡು ಸಂಕೇತ ತಂತಿಗಳಿಂದ ಇಲಿ ಚೂರುಪಾರು ವಿದ್ಯುತ್ತು ಕದ್ದು ತಿನ್ನುತ್ತಿತ್ತು. ಇಲಿಗೆ ತಕ್ಕ ಬುದ್ಧಿ! ಆ ತಂತಿಗಳಲ್ಲಿ ವಿದ್ಯುತ್ತು ಬಂದು ಎಚ್ಚರವಾದ ಕೂಡಲೇ ಅದು ತಾನು ಮೌಸ್ ಎಂದು ತಿಳಿಸಲು ‘ಎಂ’ ಎಂಬ ಇಂಗ್ಲಿಷ್ ಅಕ್ಷರವನ್ನು ಕಳಿಸುತ್ತಿತ್ತು. ಕಂಪ್ಯೂಟರಿನ ತಂತ್ರಾಂಶ ಆ ಅಕ್ಷರವನ್ನು ಕಂಡು ಮೌಸ್ ಇದೆಯೆಂದು ನಂಬುತ್ತಿತ್ತು.

ಆದರೆ ಭಾಷೆ ಒಂದೇ ಇರಲಿಲ್ಲ. ಮೌಸ್ ಸಿಸ್ಟಮ್ಸ್ ಎಂಬ ಇನ್ನೊಂದು ಸಂಸ್ಥೆಯ ಮೂರು ಗುಂಡಿಯ ಮೌಸ್ ಐದು ಅಕ್ಷರಗಳ ವರದಿ ಕಳಿಸುತ್ತಿತ್ತು. 1990ರ ದಶಕದ ಅಗ್ಗದ ಮೌಸ್‌ಗಳ ಹೊಟ್ಟೆಯ ಕೆಳಗೆ ‘ಎಂಎಸ್’, ‘ಪಿಸಿ’ ಎಂದು ಬರೆದ ಪುಟ್ಟ ಸ್ವಿಚ್ ಇರುತ್ತಿದ್ದುದು ಇದಕ್ಕೇ. ಅದು ಭಾಷೆ ಬದಲಿಸುವ ಸ್ವಿಚ್. ಕೈತಪ್ಪಿ ಅದು ಸರಿದರೆ ಒಳ್ಳೆಯ ಮೌಸೂ ಹುಚ್ಚು ಹಿಡಿದಂತೆ ಆಡುತ್ತಿತ್ತು ಅಥವಾ ಸುಮ್ಮನಾಗುತ್ತಿತ್ತು.

ಭಾರತದ ಶಾಲೆಗಳಿಗೆ 1984ರಿಂದ ‘ಕ್ಲಾಸ್’ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರುಗಳಲ್ಲಿ ಎಲ್ಲವೂ ಕೀಲಿಮಣೆಯಿಂದಲೇ ನಡೆಯುತ್ತಿತ್ತು. ವಿಂಡೋಸ್ 3.0 ಬಂದ 1990ರ ನಂತರ ಮೌಸಿನ ಬಳಕೆ ಹೆಚ್ಚಾಯಿತು. ಆಗಿನ ಕಂಪ್ಯೂಟರ್ ತರಗತಿಗಳಲ್ಲಿ ಕಲಿತವರ ಕೈಗೆ ಮೊದಲು ಸಿಕ್ಕಿದ್ದು ಬಹುಮಟ್ಟಿಗೆ ಈ ಸೀರಿಯಲ್ ಮೌಸೇ. ಚೆಂಡು ತೆಗೆದು, ಒಳಗಿನ ಉರುಳೆಗೆ ಸುತ್ತಿದ ಕೊಳೆಯನ್ನು ಉಗುರಿನಿಂದ ಕೆರೆದದ್ದು ಅವರಿಗೆ ಮರೆತಿರಲಾರದು.

ಹಾಜರಿ ಕರೆಯುವ ಮೇಷ್ಟ್ರು

ಇತ್ತ ಆಪಲ್ ಸಂಸ್ಥೆಯಲ್ಲಿ ಸ್ಟೀವ್ ವೋಜ್ನಿಯಾಕ್ ಬೇರೊಂದು ಪದ್ಧತಿ ರೂಪಿಸಿದರು. ಆಪಲ್ ಡೆಸ್ಕ್‌ಟಾಪ್ ಬಸ್, ಚುಟುಕಾಗಿ ಎಡಿಬಿ. 1986ರ ಆಪಲ್ 2ಜಿಎಸ್ ಕಂಪ್ಯೂಟರಿನಲ್ಲಿ ಮೊದಲು ಬಂದ ಇದು ಮರುವರ್ಷ ಮ್ಯಾಕಿಂಟಾಷ್‌ಗೂ ಬಂತು. ದುಂಡನೆಯ ಪ್ಲಗ್, ನಾಲ್ಕೇ ಕಡ್ಡಿಗಳು. ಅದರಲ್ಲಿ ಮಾಹಿತಿಗೆ ಇರುವುದು ಒಂದೇ ತಂತಿ. ಕೀಲಿಮಣೆಯನ್ನು ಕಂಪ್ಯೂಟರಿಗೂ, ಮೌಸನ್ನು ಕೀಲಿಮಣೆಗೂ ಸರಪಳಿಯಂತೆ ಜೋಡಿಸಬಹುದಾಗಿತ್ತು.

ಒಂದೇ ತಂತಿಯಲ್ಲಿ ಇಬ್ಬರು ಮೂವರು ಮಾತನಾಡಿದರೆ ಗದ್ದಲವಾಗುವುದಿಲ್ಲವೆ? ಇಲ್ಲಿ ಕಂಪ್ಯೂಟರೇ ಮೇಷ್ಟ್ರು. ಪ್ರತಿಯೊಂದು ಸಾಧನಕ್ಕೂ ಒಂದು ಹಾಜರಿ ಸಂಖ್ಯೆ. ಕೀಲಿಮಣೆಗೆ 2, ಮೌಸಿಗೆ 3. ‘ಮೂರನೇ ನಂಬರ್, ಹೇಳುವುದೇನಾದರೂ ಇದೆಯೆ?’ ಎಂದು ಕಂಪ್ಯೂಟರ್ ಕೇಳುತ್ತದೆ. ಇದ್ದರೆ ಮೌಸ್ ಉತ್ತರಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಕರೆಯದೆ ಮಾತನಾಡುವಂತಿಲ್ಲ. ಈ ಶಿಸ್ತಿನ ಪದ್ಧತಿ ಮ್ಯಾಕ್‌ಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಗುಟ್ಟಾಗಿ ಬಾಗಿಲು ತಟ್ಟುವುದು

ಐಬಿಎಂ 1987ರ ಏಪ್ರಿಲ್‌ನಲ್ಲಿ ಪಿಎಸ್/2 ಹೆಸರಿನ ಕಂಪ್ಯೂಟರುಗಳನ್ನು ತಂದಿತು. ಅವು ಕಾಲಾಂತರದಲ್ಲಿ ಮರೆಗೆ ಸರಿದವು. ಆದರೆ ಅವುಗಳ ಮೌಸ್ ಸಾಕೆಟ್ ಆ ಹೆಸರನ್ನು ಉಳಿಸಿತು. ದುಂಡನೆಯ ಪ್ಲಗ್, ಆರು ಕಡ್ಡಿಗಳು. ಬಳಕೆಯಾಗುವುದು ನಾಲ್ಕೇ. 5 ವೋಲ್ಟ್ ವಿದ್ಯುತ್ತು, ಭೂತಂತಿ, ಮಾಹಿತಿ ಮತ್ತು ತಾಳ ಹಾಕುವ ಕ್ಲಾಕ್ ತಂತಿ. ಇಲಿ ಇನ್ನು ಕದ್ದು ತಿನ್ನಬೇಕಿಲ್ಲ. ವರದಿಗಳ ಸಂಖ್ಯೆಯೂ ಏರಿ ಸೆಕೆಂಡಿಗೆ ಸಾಮಾನ್ಯವಾಗಿ 100 ಆಯಿತು.

ಇನ್ನೊಂದು ಲಾಭವೂ ಇತ್ತು. ಸೀರಿಯಲ್ ಮೌಸ್ ಇದ್ದಾಗ ಮೋಡೆಮ್‌ನೊಂದಿಗೆ ಜಗಳ ಸಾಮಾನ್ಯವಾಗಿತ್ತು. ಪಿಸಿಯಲ್ಲಿ ಒಂದನೆಯ ಮತ್ತು ಮೂರನೆಯ ಸೀರಿಯಲ್ ಪೋರ್ಟುಗಳು ಪ್ರೊಸೆಸರನ್ನು ಕರೆಯಲು ಒಂದೇ ಗಂಟೆಯನ್ನು ಹಂಚಿಕೊಂಡಿದ್ದವು. ಮೌಸ್ ಒಂದರಲ್ಲೂ ಮೋಡೆಮ್ ಮೂರರಲ್ಲೂ ಇದ್ದರೆ, ಗಂಟೆ ಬಾರಿಸಿದವರು ಯಾರೆಂದು ತಿಳಿಯದೆ ಬಾಣ ಸ್ತಬ್ಧವಾಗುತ್ತಿತ್ತು. ಪಿಎಸ್/2 ಮೌಸಿಗೆ ಅದರದ್ದೇ ಗಂಟೆ ಸಿಕ್ಕಿತು.

ಈ ಮೌಸಿನ ಭಾಷೆಯಲ್ಲಿ ಒಂದು ಸೊಗಸಾದ ಪ್ರಸಂಗವಿದೆ. 1996ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟೆಲಿಮೌಸ್ ಎರಡು ಗುಂಡಿಗಳ ನಡುವೆ ಉರುಳುವ ಚಕ್ರ ಹೊತ್ತು ಬಂತು. ಚಕ್ರದ ಸುದ್ದಿ ಹೇಳಲು ಮೂರು ಬೈಟ್‌ಗಳ ವರದಿ ಸಾಲದು, ನಾಲ್ಕನೆಯದು ಬೇಕು. ಆದರೆ ಹಳೆಯ ಕಂಪ್ಯೂಟರಿಗೆ ನಾಲ್ಕು ಕಳಿಸಿದರೆ ಅದು ತಬ್ಬಿಬ್ಬಾಗುತ್ತದೆ. ಏನು ಮಾಡುವುದು? ಹೊಸ ತಂತ್ರಾಂಶ ಒಂದು ಗುಟ್ಟಿನ ಸಂಜ್ಞೆ ಕೊಡುತ್ತದೆ. ‘ಸೆಕೆಂಡಿಗೆ 200 ವರದಿ ಕೊಡು’ ಎನ್ನುತ್ತದೆ, ಕೂಡಲೇ ‘100 ಕೊಡು’, ಕೂಡಲೇ ‘80 ಕೊಡು’ ಎನ್ನುತ್ತದೆ. ಆಮೇಲೆ ‘ನೀನು ಯಾರು?’ ಎಂದು ಕೇಳುತ್ತದೆ. ಸಾದಾ ಮೌಸ್ ಏನೂ ಅರಿಯದೆ ‘0’ ಎನ್ನುತ್ತದೆ. ಚಕ್ರದ ಮೌಸ್ ಸಂಜ್ಞೆಯನ್ನು ಗುರುತಿಸಿ ‘3’ ಎಂದು ಉತ್ತರಿಸಿ, ಅಲ್ಲಿಂದ ನಾಲ್ಕು ಬೈಟ್ ಕಳಿಸತೊಡಗುತ್ತದೆ. ಈ ಸಂಜ್ಞೆ ಬಾರದಿದ್ದರೆ ಅದು ಸಾದಾ ಮೌಸಿನಂತೆಯೇ ನಡೆದುಕೊಳ್ಳುತ್ತದೆ. ಹೊಸದು ಹಳೆಯದನ್ನು ಗೌರವಿಸಬೇಕಾದ ರೀತಿ ಇದು.

ಈ ಸಾಕೆಟ್ಟಿಗೆ ಒಂದು ದೌರ್ಬಲ್ಯವಿದೆ. ಕಂಪ್ಯೂಟರ್ ನಡೆಯುತ್ತಿರುವಾಗ ಸಿಕ್ಕಿಸಿ ತೆಗೆಯಲೆಂದು ಅದನ್ನು ರೂಪಿಸಿಲ್ಲ. ಅನೇಕ ಹಳೆಯ ಮದರ್‌ಬೋರ್ಡುಗಳಲ್ಲಿ ಇದರ ವಿದ್ಯುತ್ತಿನ ದಾರಿಯಲ್ಲಿ ಪುಟ್ಟ ಫ್ಯೂಸ್ ಇರುತ್ತದೆ. ಅವಸರ ಮಾಡಿದರೆ ಅದು ಸುಟ್ಟು, ಕೀಲಿಮಣೆ ಮೌಸ್ ಎರಡೂ ಸುಮ್ಮನಾಗಬಹುದು. ಎಡಿಬಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಎಲ್ಲರಿಗೂ ಒಂದೇ ಬಾಗಿಲು

1990ರ ದಶಕದ ನಡುವಿಗೆ ಕಂಪ್ಯೂಟರಿನ ಬೆನ್ನು ನಾನಾ ಆಕಾರದ ಸಾಕೆಟ್‌ಗಳ ಸಂತೆಯಾಗಿತ್ತು. ಇಂಟೆಲ್ ಮುಂತಾದ ಸಂಸ್ಥೆಗಳು ಸೇರಿ 1996ರಲ್ಲಿ ಯುಎಸ್‌ಬಿ ಮಾನಕವನ್ನು ಪ್ರಕಟಿಸಿದವು. ಇದರ ರೂವಾರಿಗಳಲ್ಲಿ ಪ್ರಮುಖರಾದ ಅಜಯ್ ಭಟ್ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. 1998ರಲ್ಲಿ ಆಪಲ್‌ನ ಐಮ್ಯಾಕ್ ಎಡಿಬಿಯನ್ನು ಕೈಬಿಟ್ಟು ಯುಎಸ್‌ಬಿಯನ್ನು ಅಪ್ಪಿಕೊಂಡಿತು. ಉಳಿದವರೂ ಹಿಂಬಾಲಿಸಿದರು.

ಯುಎಸ್‌ಬಿಯ ಆ ಪ್ಲಗ್ಗನ್ನು ಗಮನಿಸಿ ನೋಡಿದರೆ ನಾಲ್ಕು ಪಟ್ಟಿಗಳಲ್ಲಿ ಅಂಚಿನ ಎರಡು ಸ್ವಲ್ಪ ಉದ್ದವಾಗಿವೆ. ಅವು ವಿದ್ಯುತ್ತಿನವು. ಸಿಕ್ಕಿಸುವಾಗ ಮೊದಲು ವಿದ್ಯುತ್ತು, ಆಮೇಲೆ ಮಾಹಿತಿ ತಗಲುತ್ತದೆ. ನಡೆಯುತ್ತಿರುವ ಕಂಪ್ಯೂಟರಿಗೇ ನಿರ್ಭಯವಾಗಿ ಜೋಡಿಸಲು ಇದು ನೆರವಾಗುತ್ತದೆ. ಇಲ್ಲಿಯೂ ಕಂಪ್ಯೂಟರೇ ಹಾಜರಿ ಕರೆಯುತ್ತದೆ. ಸಾದಾ ಮೌಸನ್ನು ಸಾಮಾನ್ಯವಾಗಿ ಸೆಕೆಂಡಿಗೆ 125 ಸಲ ವಿಚಾರಿಸುತ್ತದೆ. ಸಾಧನ ತಾನು ಯಾರು, ಏನು ಮಾಡಬಲ್ಲೆ ಎಂಬುದನ್ನು ಮೊದಲೇ ವಿವರವಾಗಿ ಹೇಳಿಕೊಳ್ಳುತ್ತದೆ. ಗುಟ್ಟಿನ ಸಂಜ್ಞೆಯೂ ಬೇಕಿಲ್ಲ, ಹೊಟ್ಟೆಯ ಕೆಳಗಿನ ಸ್ವಿಚ್ಚೂ ಬೇಕಿಲ್ಲ.

ಬಾಣ ಏಕೆ ಅಲುಗಲಿಲ್ಲ?

ಈಗ ಅಟ್ಟದಿಂದ ಇಳಿದ ಕಂಪ್ಯೂಟರಿಗೆ ಮರಳಬಹುದು. ಹಸಿರು ಅಡಾಪ್ಟರಿನೊಳಗೆ ಮಾಂತ್ರಿಕತೆ ಏನೂ ಇಲ್ಲ, ಬರೀ ತಂತಿಗಳಿವೆ. ಒಂದು ಕಾಲದಲ್ಲಿ ಕೆಲವು ಮೌಸ್‌ಗಳು ಎರಡು ಭಾಷೆ ಕಲಿತಿರುತ್ತಿದ್ದವು. ಯುಎಸ್‌ಬಿಯಲ್ಲಿ ಸಿಕ್ಕಿಸಿದರೆ ಆ ಭಾಷೆ, ಹಸಿರು ಅಡಾಪ್ಟರಿನಲ್ಲಿ ಸಿಕ್ಕಿಸಿದರೆ ಪಿಎಸ್/2 ಭಾಷೆ. ಅಡಾಪ್ಟರ್ ಅಂಥ ಮೌಸಿನ ಜತೆಗೆ ಮಾತ್ರ ಕೆಲಸ ಮಾಡುತ್ತದೆ. ಬೂದು ಅಡಾಪ್ಟರಿನ ಕಥೆಯೂ ಅದೇ. ಪಿಎಸ್/2 ಮತ್ತು ಸೀರಿಯಲ್ ಎರಡನ್ನೂ ಬಲ್ಲ ಮೌಸಿಗೆ ಅದು ಸಲ್ಲುತ್ತದೆ, ಬೇರೆಯವಕ್ಕಲ್ಲ.

ಮಗಳು ತಂದ ಹೊಸ ಮೌಸಿಗೆ ಸೀರಿಯಲ್ ಭಾಷೆಯ ಗಂಧವೂ ಇಲ್ಲ. ಅಂಗಿ ಬದಲಿಸಿದ ಮಾತ್ರಕ್ಕೆ ಭಾಷೆ ಬಾರದು. ಪ್ಲಗ್ಗು ಕೂತದ್ದು ಅಂಗಿ ಹೊಂದಿದಂತೆ, ಅಷ್ಟೇ.

ಮೌಸ್ ಸುಮ್ಮನಿದ್ದರೆ ನಷ್ಟವೇನೂ ಇಲ್ಲ. ಆದರೆ ಅಂಗಿ ನಂಬಿ ಕೆಡುವ ಸಂಭವವೂ ಉಂಟು. ಅಮಿಗಾದ ಮೌಸ್ ಪ್ಲಗ್ಗು ಪಿಸಿಯ ಒಂಬತ್ತು ಕಡ್ಡಿಯ ಸೀರಿಯಲ್ ಪೋರ್ಟಿಗೂ ಸರಿಯಾಗಿ ಕೂರುತ್ತದೆ. ಆದರೆ ಅಮಿಗಾದ ಮೌಸ್ 7ನೆಯ ಕಡ್ಡಿಯಲ್ಲಿ 5 ವೋಲ್ಟ್ ನಿರೀಕ್ಷಿಸುತ್ತದೆ. ಪಿಸಿಯ ಆ ಕಡ್ಡಿಯಲ್ಲಿ 12 ವೋಲ್ಟ್‌ವರೆಗೆ, ಅದೂ ಧನವೋ ಋಣವೋ ಹೇಳಲಾಗದು, ಇರಬಹುದು. ಹಳೆಯ ಸಾಧನ ಒಮ್ಮೆ ಸುಟ್ಟರೆ ಇನ್ನೊಂದನ್ನು ಹುಡುಕುವುದು ಸುಲಭವಲ್ಲ. ಆದ್ದರಿಂದ ಹಳೆಯ ಕಂಪ್ಯೂಟರನ್ನು ಎಬ್ಬಿಸಹೊರಟವರು ಬಾಲ ಸಿಕ್ಕಿಸುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸಬೇಕು:

* ಮೊದಲು ಕಡ್ಡಿಗಳನ್ನು ಎಣಿಸಿ. ದುಂಡನೆಯ ಪುಟ್ಟ ಪ್ಲಗ್ಗಿನಲ್ಲಿ ನಾಲ್ಕಿದ್ದರೆ ಎಡಿಬಿ, ಆರಿದ್ದರೆ ಪಿಎಸ್/2, ಒಂಬತ್ತಿದ್ದರೆ ಬಸ್ ಮೌಸ್ ಇರಬಹುದು. ದೂರದಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಬಲವಂತವಾಗಿ ತಳ್ಳಿದರೆ ಕಡ್ಡಿ ಬಾಗುತ್ತದೆ.

* ಚಪ್ಪಟೆಯಾಗಿ ಎರಡು ಸಾಲಿನಲ್ಲಿ ಒಂಬತ್ತು ಇದ್ದರೆ ಆಕಾರದಿಂದ ಏನನ್ನೂ ನಿರ್ಧರಿಸಬೇಡಿ. ಅದು ಪಿಸಿ, ಅಮಿಗಾ, ಅಟಾರಿ, ಹಳೆಯ ಮ್ಯಾಕ್ ಯಾವುದರದೂ ಆಗಿರಬಹುದು. ಮೌಸಿನ ಕೆಳಗಿನ ಚೀಟಿ ಓದಿ.

* ಯುಎಸ್‌ಬಿ ಬಿಟ್ಟು ಉಳಿದ ಎಲ್ಲ ಮೌಸ್‌ಗಳನ್ನೂ ಕಂಪ್ಯೂಟರ್ ಆರಿಸಿದ ನಂತರವೇ ಸಿಕ್ಕಿಸಬೇಕು, ತೆಗೆಯಬೇಕು.

* ಪಿಎಸ್/2 ಸಾಕೆಟ್‌ಗಳು ಅಕ್ಕಪಕ್ಕದಲ್ಲಿ ಎರಡಿರುತ್ತವೆ. 1990ರ ದಶಕದ ಕೊನೆಯಿಂದ ಬಂದವುಗಳಲ್ಲಿ ಹಸಿರು ಮೌಸಿಗೆ, ನೇರಳೆ ಕೀಲಿಮಣೆಗೆ.

* ಭಾಷೆ ಬೇರೆಯಾಗಿದ್ದರೆ ಬರಿಯ ಅಡಾಪ್ಟರ್ ಸಾಲದು, ದುಭಾಷಿ ಬೇಕು. ಒಳಗೆ ಪುಟ್ಟ ಪ್ರೊಸೆಸರ್ ಇರುವ ಪರಿವರ್ತಕಗಳು ಹೊಸ ಮೌಸಿನ ಮಾತು ಕೇಳಿ ಹಳೆಯ ಕಂಪ್ಯೂಟರಿಗೆ ಅದರದೇ ಮಾತಿನಲ್ಲಿ ಹೇಳುತ್ತವೆ. ಅಂಥವನ್ನು ಹವ್ಯಾಸಿಗಳು ಇಂದು ಮನೆಯಲ್ಲೇ ತಯಾರಿಸುತ್ತಾರೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿಯಿರುವ ಕಾಲೇಜು ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೆ?

ಆದರೆ ಅಜ್ಜನಿಗೆ ಬರೆದ ಪತ್ರಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ವಿಂಡೋಸ್ 3.1 ಮೌಸಿಲ್ಲದವರನ್ನೂ ಮರೆತಿರಲಿಲ್ಲ. ಅಪ್ಪ ಕೀಲಿಮಣೆಯ ಮುಂದೆ ಕೂರಬಹುದು. ಕಂಟ್ರೋಲ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ, ಬಾಣದ ಕೀಲಿಗಳಿಂದ ಬೇಕಾದ ಚಿತ್ರದ ಮೇಲಕ್ಕೆ, ಎಂಟರ್ ಒತ್ತಿದರೆ ಒಳಕ್ಕೆ. ಫೈಲ್ ಮ್ಯಾನೇಜರ್ ತೆರೆದು, ಪತ್ರವನ್ನು ಆರಿಸಿ, ಎಫ್8 ಒತ್ತಿದರೆ ಫ್ಲಾಪಿಗೆ ನಕಲು ಮಾಡಬಹುದು. ಆ ಫ್ಲಾಪಿಯನ್ನು ಓದುವ ಡ್ರೈವ್‌ಗಳು ಯುಎಸ್‌ಬಿ ಬಾಲದೊಂದಿಗೆ ದೊರೆಯುತ್ತವೆ. ಹೊಸ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದರೆ ಪತ್ರಗಳು ಮಗಳ ಕೈ ಸೇರುತ್ತವೆ.

ಅಷ್ಟು ಹೊತ್ತಿಗೆ ಅವಳಿಗೆ ಇನ್ನೊಂದು ಸಂಗತಿಯೂ ಮನದಟ್ಟಾಗಿರುತ್ತದೆ. ಎರಡು ಯಂತ್ರಗಳನ್ನು ಜೋಡಿಸುವಾಗ ಮೊದಲು ಕೇಳಬೇಕಾದದ್ದು ‘ಕೂರುತ್ತದೆಯೆ?’ ಎಂದಲ್ಲ. ಎಣಿಸುವವರು ಯಾರು, ಮಾತನಾಡುವ ಭಾಷೆ ಯಾವುದು, ವಿದ್ಯುತ್ತು ಯಾವ ಕಡ್ಡಿಯಲ್ಲಿ ಬರುತ್ತದೆ ಎಂದು. ಉತ್ತರ ತಿಳಿದ ಮೇಲೆ ಸಿಕ್ಕಿಸಲು ತಡವೇನಿಲ್ಲ.